‘ಮೈಕ್ ಸರಿಯಿಲ್ಲ’ ಎಂಬ ಆರು ತಿಂಗಳ ಸುಳ್ಳು

ನನ್ನ ಬಳಿ ಸಲಹೆಗೆ ಬಂದ ಒಬ್ಬರನ್ನು ಇಲ್ಲಿ ‘ಮ’ ಎಂದು ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 30ರ ಒಳಗೆ. ಮೊದಲ ದಿನ ಬಂದು ಹೇಳಿದ್ದು ನಿದ್ದೆ ಬರ್ತಿಲ್ಲ ಅಂತ. ಜರ್ಮನ್ ವಿಷಯ ಹೊರಗೆ ಬಂದದ್ದು ಅರ್ಧ ಗಂಟೆ ಕಳೆದ ಮೇಲೆ.

ಮ ಎರಡು ವರ್ಷದಿಂದ ಜರ್ಮನ್ ಕಲಿಯುತ್ತಿದ್ದರು. ಜರ್ಮನ್ ಕಲಿಸುವ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟ್‌ನ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆ ಬರೆದಿದ್ದರು. ಅದರಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಪ್ರತಿ ಭಾಗಕ್ಕೂ 100 ಅಂಕ, ಪಾಸಾಗಲು 60 ಬೇಕು. ಓದುವುದರಲ್ಲೂ ಕೇಳುವುದರಲ್ಲೂ ಆರಾಮಾಗಿ ದಾಟಿದ್ದರು. ಬರೆಯುವುದರಲ್ಲಿ 52, ಮಾತಿನಲ್ಲಿ 41.

“ಅಷ್ಟೇನಾ? ಆ ಎರಡು ಭಾಗ ಮತ್ತೆ ಬರೆಯಬಹುದು ಅಲ್ವಾ?” ಎಂದೆ. ಅವರ ಕಣ್ಣು ತುಂಬಿತು. “ಮೇಡಂ, ನನ್ನ ಗುಂಪಿನವರಿಗೆ ಗೊತ್ತಾದರೆ ಏನು ಮಾಡಲಿ?”

ಗುಂಪು ಅಂದರೆ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಜರ್ಮನ್ ಕಲಿಯುವವರ ಬಳಗ. ಕಲಿಯುವವರೂ ಇದ್ದಾರೆ, ಜರ್ಮನ್ ಮನೆಮಾತಿನವರೂ ಇದ್ದಾರೆ. ಆರು ತಿಂಗಳಲ್ಲಿ ಮ ಅಲ್ಲಿ ನಾನೂರಕ್ಕೂ ಹೆಚ್ಚು ಸಂದೇಶ ಹಾಕಿದ್ದರು. ‘ನಿಮ್ಮ ಜರ್ಮನ್ ಎಷ್ಟು ಚೆನ್ನಾಗಿದೆ’ ಅಂತ ಎಲ್ಲರೂ ಹೊಗಳುತ್ತಿದ್ದರು. ಆದರೆ ಅದರಲ್ಲಿ ಹೆಚ್ಚಿನ ಸಂದೇಶಗಳನ್ನು ಅವರೇ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದು, ಅನುವಾದದ ಆ್ಯಪ್‌ಗೆ ಕೊಟ್ಟು, ಬಂದದ್ದನ್ನು ಅಂಟಿಸುತ್ತಿದ್ದರು. ಶುರು ಮಾಡಿದ್ದು ಒಂದೆರಡು ಕಷ್ಟದ ವಾಕ್ಯಕ್ಕೆ. ಆಮೇಲೆ ‘ನಮಸ್ಕಾರ, ಹೇಗಿದ್ದೀರಿ’ ಅನ್ನೋದಕ್ಕೂ ಅದೇ ಬೇಕಾಯಿತು. ಗುಂಪಿನವರು ಧ್ವನಿ ಕೋಣೆಗೆ, ಅಂದರೆ ಎಲ್ಲರೂ ಆನ್‌ಲೈನ್‌ನಲ್ಲಿ ಬಾಯಿಬಿಟ್ಟು ಮಾತಾಡುವ ಜಾಗಕ್ಕೆ, ಕರೆದಾಗಲೆಲ್ಲ ಮೈಕ್ ಸರಿಯಿಲ್ಲ ಅಂತ ಹೇಳುತ್ತಿದ್ದರು.

ಇದನ್ನು ಮೋಸ ಅಂತ ನಾನು ನೋಡಲಿಲ್ಲ. ಅವರಿಗೂ ಹಾಗೇ ಹೇಳಿದೆ. ಶಾಲೆಯಲ್ಲಿ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವಾಗ ಒಂದು ಪದ ತಪ್ಪಿ, ಇಡೀ ತರಗತಿ ನಕ್ಕಿತ್ತಂತೆ. ಅವತ್ತಿನಿಂದ, ತಪ್ಪಾಗಬಹುದಾದ ಜಾಗದಲ್ಲಿ ಅವರು ಬಾಯಿ ಬಿಟ್ಟಿಲ್ಲ. ಹೆದರಿಕೆ ಇದ್ದವರಿಗೆ ಆ್ಯಪ್ ಒಂದು ಆಸರೆ. ತೊಂದರೆ ಏನೆಂದರೆ, ಗುಂಪಿನವರ ಹೊಗಳಿಕೆಯೆಲ್ಲ ಆ ಆ್ಯಪ್‌ನ ವಾಕ್ಯಕ್ಕೆ ಹೋಗುತ್ತಿತ್ತು. ಮ ಅವರನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಹೊಗಳಿದಷ್ಟೂ ಸಿಕ್ಕಿಬೀಳುವ ಭಯ ಜಾಸ್ತಿಯಾಗುತ್ತಿತ್ತು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಎರಡನೇ ಭೇಟಿಯಲ್ಲೇ “ಈ ವಾರ ಒಂದು ಸಲ ಧ್ವನಿ ಕೋಣೆಗೆ ಹೋಗಿ ಬನ್ನಿ” ಎಂದುಬಿಟ್ಟೆ. ಅದು ಅವರಿಗೆ ತುಂಬ ದೊಡ್ಡ ಹೆಜ್ಜೆ. ಮುಂದಿನ ವಾರ ಅವರು ಬರಲಿಲ್ಲ. ನಾನೇ ಫೋನ್ ಮಾಡಿ, ಅವಸರ ಮಾಡಿದ್ದಕ್ಕೆ ಕ್ಷಮೆ ಕೇಳಿ ಕರೆಸಿಕೊಂಡೆ.

ಆ ದಿನ ಬೇರೆ ದಾರಿ ಹಿಡಿದೆ. ನನಗೆ ಜರ್ಮನ್ ಬರುವುದಿಲ್ಲ. “ನನಗೇ ಏನಾದರೂ ಕಲಿಸಿ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “‘ನನಗೆ ಚಳಿ’ ಅನ್ನೋದಕ್ಕೆ ‘ಮಿಯರ್ ಇಸ್ಟ್ ಕಾಲ್ಟ್’ ಅಂತಾರೆ” ಎಂದರು. ‘ಮಿಯರ್’ ಅಂದರೆ ‘ನನಗೆ’. ನಮ್ಮ ಹಾಗೆಯೇ ಅವರಿಗೂ ಚಳಿ ‘ನನಗೆ’ ಆಗುವುದು. ಇಂಗ್ಲಿಷ್ ಅಭ್ಯಾಸದಲ್ಲಿ ‘ಇಶ್ ಬಿನ್ ಕಾಲ್ಟ್’ ಅಂದರೆ, ನಾನು ಕರುಣೆಯಿಲ್ಲದ ಮನುಷ್ಯ ಅನ್ನೋ ಥರ ಕೇಳಿಸುತ್ತದಂತೆ. ಆಮೇಲೆ ಮಾತು ತಾನಾಗಿ ಹರಿಯಿತು. ‘ವೈಲ್’, ಅಂದರೆ ‘ಯಾಕೆಂದರೆ’, ಬಂದರೆ ಆ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ಕನ್ನಡದವರಿಗೆ ಅದು ಹೊಸದೇನಲ್ಲ, ಎಂದರು. ‘ನೀನು–ನೀವು’ ಥರ ಅವರಿಗೂ ‘ಡು–ಜೀ’ ಇದೆ ಎಂದರು. ಕುರ್ಚಿಯ ತುದಿಗೆ ಬಂದು, ಕೈ ಆಡಿಸುತ್ತಾ ಹೇಳುತ್ತಿದ್ದರು. ಇಷ್ಟೆಲ್ಲ ಗೊತ್ತಿರುವವರಿಗೆ ಭಾಷೆ ಬರುವುದಿಲ್ಲ ಅಂತ ಯಾರು ಹೇಳುತ್ತಾರೆ?

ಅವತ್ತು ನಾವಿಬ್ಬರೂ ಸೇರಿ ಯೋಜನೆ ಮಾಡಿದೆವು. ಆ್ಯಪ್ ಬಿಡಬೇಡಿ, ಅದರ ಜಾಗ ಮಾತ್ರ ಬದಲಿಸಿ ಎಂದೆ. ಮೊದಲು ಸ್ವಂತವಾಗಿ ಬರೆಯಿರಿ, ಹೇಗಿದೆಯೋ ಹಾಗೇ ಕಳಿಸಿ, ಕಳಿಸಿದ ಮೇಲೆ ಬೇಕಾದರೆ ಹೋಲಿಸಿ ನೋಡಿ. ತಿದ್ದುವವರಿಗೂ ಒಂದು ಗಡಿ ಹಾಕಿ. ಎಲ್ಲ ತಪ್ಪನ್ನೂ ಒಟ್ಟಿಗೆ ತೋರಿಸಿದರೆ ಯಾರಿಗಾದರೂ ಧೈರ್ಯ ಕುಸಿಯುತ್ತದೆ. ‘ಈ ವಾರ ಕ್ರಿಯಾಪದದ ಜಾಗ ಮಾತ್ರ ನೋಡಿ’ ಎಂದು ಕೇಳಿದರೆ ಜನ ಸಂತೋಷವಾಗಿ ಒಪ್ಪುತ್ತಾರೆ. ಮೊದಲಿಗೆ ಮೂವತ್ತು ಸೆಕೆಂಡಿನ ಧ್ವನಿ ಸಂದೇಶ, ಒಬ್ಬರಿಗೇ. ಧ್ವನಿ ಕೋಣೆ ಆಮೇಲೆ ನೋಡೋಣ.

ಗುಂಪಿಗೆ ನಿಜ ಹೇಳಬೇಕೇ ಬೇಡವೇ ಎನ್ನುವುದನ್ನು ಅವರಿಗೇ ಬಿಟ್ಟೆ. ಅವರು ಹೇಳಲು ನಿರ್ಧರಿಸಿದರು. ನನ್ನ ಮುಂದೆಯೇ ಕೂತು ಟೈಪ್ ಮಾಡಿದರು: ‘ಆಪ್ ಹೊಯ್ಟೆ ಇಶ್ ಶ್ರೈಬೆ ಓನೆ ಯೂಬರ್‌ಜೆಟ್ಸರ್.’ ಇವತ್ತಿನಿಂದ ಅನುವಾದಕ ಇಲ್ಲದೆ ಬರೆಯುತ್ತೇನೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದರು. ನಾನು ಮಾತಾಡಲಿಲ್ಲ. ಕೊನೆಗೆ ಒತ್ತಿದರು.

ಮಾರನೆಯ ದಿನ ನನಗೆ ಸಂದೇಶ ಬಂತು. ಗುಂಪಿನಿಂದ ಬಂದ ಮೊದಲ ಉತ್ತರದಲ್ಲಿ ಒಂದು ತಿದ್ದುಪಡಿ ಇತ್ತು: ‘ಶ್ರೈಬೆ ಇಶ್’ ಆಗಬೇಕು, ಕ್ರಿಯಾಪದ ಎರಡನೇ ಜಾಗದಲ್ಲಿ. ಜೊತೆಗೊಂದು ಹೃದಯದ ಗುರುತು. ಇನ್ನಿಬ್ಬರು ತಾವೂ ಹಾಗೇ ಮಾಡುತ್ತಿದ್ದೆವು ಎಂದು ಬರೆದಿದ್ದರು. ಒಬ್ಬರು ಮಾತ್ರ ಬೇಸರ ಮಾಡಿಕೊಂಡು, ನಮ್ಮನ್ನೆಲ್ಲ ನಂಬಿಸಿದಿರಿ ಎಂದಿದ್ದರು. ಆ ಒಂದು ಮಾತು ನೋಯಿಸಿತು. ಅದನ್ನು ಮುಂದಿನ ಭೇಟಿಯಲ್ಲಿ ಪೂರ್ತಿ ಒಂದು ಗಂಟೆ ಮಾತಾಡಿದೆವು. ಅವರ ಬೇಸರ ನ್ಯಾಯವೇ, ಒಂದು ಸಲ ಕ್ಷಮೆ ಕೇಳಿ, ಮತ್ತೆ ಮತ್ತೆ ಬೇಡ ಎಂದು ಸಲಹೆ ಕೊಟ್ಟೆ.

ನಂತರ ಇಂಗ್ಲಿಷ್ ಕಲಿಯುತ್ತಿದ್ದ ಜರ್ಮನ್ ಮಹಿಳೆಯೊಬ್ಬರು ಜೊತೆಯಾದರು. ಅರ್ಧ ಗಂಟೆ ಜರ್ಮನ್, ಅರ್ಧ ಗಂಟೆ ಇಂಗ್ಲಿಷ್. ಅವರೂ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದರು, ಅದೇ ಮ ಅವರಿಗೆ ದೊಡ್ಡ ಸಮಾಧಾನ. ಬಿ1 ಮಾತಿನ ಪರೀಕ್ಷೆಯಲ್ಲಿ ಇಬ್ಬರು ಸೇರಿ ಏನನ್ನಾದರೂ ಯೋಜಿಸಬೇಕು, ಆಮೇಲೆ ಒಂದು ವಿಷಯ ಮಂಡಿಸಬೇಕು, ಪ್ರಶ್ನೆಗೆ ಉತ್ತರಿಸಬೇಕು. ಅದನ್ನೇ ಪ್ರತಿ ವಾರ ಆಡಿದರು. ಗೆಳೆಯನ ಹುಟ್ಟುಹಬ್ಬ, ಪ್ರವಾಸ, ಹೀಗೆ.

ಇನ್ನೊಂದು ಮಾತನ್ನು ಇಂಥ ಗುಂಪಿಗೆ ಹೋಗುವ ಎಲ್ಲರಿಗೂ ಹೇಳುತ್ತೇನೆ. ಫೋನ್ ನಂಬರ್, ವಿಳಾಸ ಕೊಡಬೇಡಿ. ಭಾಷೆಯ ನೆಪದಲ್ಲಿ ಬೇರೆ ಉದ್ದೇಶ ಇಟ್ಟುಕೊಂಡು ಬರುವವರೂ ಇರುತ್ತಾರೆ. ಮಾತು ಹಿತವೆನಿಸದಿದ್ದರೆ ವಿವರಣೆ ಕೊಡದೆ ಬ್ಲಾಕ್ ಮಾಡಿ, ಗುಂಪು ನೋಡಿಕೊಳ್ಳುವವರಿಗೆ ತಿಳಿಸಿ.

ನಾಲ್ಕು ತಿಂಗಳಾದ ಮೇಲೆ ಮ ಮಾತಿನ ಭಾಗವನ್ನು ಮಾತ್ರ ಮತ್ತೆ ತೆಗೆದುಕೊಂಡರು. 68 ಬಂತು. ನಡುವೆ ಒಂದು ಪದ ಮರೆತು, “ಮೊಮೆಂಟ್ ಬಿಟ್ಟೆ” ಅಂತ ಕೇಳಿ, ಬೇರೆ ಪದದಲ್ಲಿ ಹೇಳಿದರಂತೆ. ಬರೆಯುವ ಭಾಗ ಇನ್ನೂ ಬಾಕಿ ಇದೆ. ಅದರಲ್ಲಿ ಒಂದು ಪ್ರಶ್ನೆಯೇ ಆನ್‌ಲೈನ್ ಚರ್ಚೆಗೆ ಸುಮಾರು 80 ಪದಗಳಲ್ಲಿ ನಿಮ್ಮ ಅಭಿಪ್ರಾಯ ಬರೆಯಿರಿ ಎನ್ನುವುದು. ಈಗ ವಾರಕ್ಕೆ ಎರಡು ಸಲ 80 ಪದ ಬರೆದು ಗುಂಪಿಗೆ ಹಾಕುತ್ತಿದ್ದಾರೆ. ನಿದ್ದೆ ಬರ್ತಿದೆಯಂತೆ.