ಬ್ಯಾಳಿ ಯಾಕ ಬೇಯವಲ್ದು?

ಈ ಸಲದ ಪತ್ರಗಳಲ್ಲಿ ದೂರುಗಳೇ ಹೆಚ್ಚು. ಬೇಯಲಿಲ್ಲ, ಒಡೆಯಿತು, ಕಹಿಯಾಯಿತು. ಕಲಬುರಗಿಯಲ್ಲಿ ಹತ್ತೊಂಬತ್ತು ವರ್ಷ ಖಾನಾವಳಿ ನಡೆಸಿದವಳು ನಾನು. ಈ ಮೂರೂ ತಪ್ಪನ್ನು ಊಟಕ್ಕೆ ಕೂತ ಗಿರಾಕಿಗಳ ಎದುರಿಗೇ ಮಾಡಿದ್ದೇನೆ. ಹಾಗಾಗಿ ಯಾರನ್ನೂ ಬೈಯುವುದಿಲ್ಲ.

ಮದುವೆಯಾಗಿ ಶಿವಮೊಗ್ಗದಿಂದ ಸೇಡಂಗೆ ಬಂದು ಎಂಟು ತಿಂಗಳು. ಪುಂಡಿ ಪಲ್ಯಕ್ಕೆ ಸೊಪ್ಪು, ಬೇಳೆ, ನುಚ್ಚು ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಆರು ಸೀಟಿ ಹೊಡೆಸಿದರೂ ಬೇಳೆ ಹಲ್ಲಿಗೆ ಸಿಗುತ್ತದೆ. ಅತ್ತೆ ‘ಕೈಗುಣ’ ಅನ್ನುತ್ತಾರೆ.

ಕೈಗುಣ ಅಲ್ಲವ್ವ, ಹುಳಿಯ ಗುಣ. ಬೇಳೆಯನ್ನು ಒಳಗಿಂದ ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿದರೇನೇ ಅದು ಹಣ್ಣಾಗುವುದು. ಹುಳಿ ಇದ್ದಲ್ಲಿ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಪುಂಡಿಯಂಥ ಹುಳಿ ಸೊಪ್ಪಿನ ಜೊತೆ ಹಸಿ ಬೇಳೆ ಹಾಕಿದರೆ ಆರಲ್ಲ, ಹತ್ತು ಸೀಟಿಗೂ ಅದು ಜಗ್ಗುವುದಿಲ್ಲ.

ಇನ್ನೊಂದು, ನಿಮ್ಮ ನೀರು. ಸೇಡಂ ಕಡೆ ನೆಲದ ಕೆಳಗೆ ಇರುವುದು ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದು ಕೂತದ್ದೇ ಅದಕ್ಕೆ. ನಮ್ಮ ಕಡೆ ಮನೆಗೆಲ್ಲ ಹಾಸುವ ಶಹಾಬಾದಿ ಫರಸಿಯೂ ಸುಣ್ಣದ ಕಲ್ಲೇ. ಬೋರಿನ ನೀರು ಆ ಕಲ್ಲಿನ ಸಂದಿಯಲ್ಲಿ ಹಾದು ಬರುವಾಗ ಒಂದಿಷ್ಟು ಸುಣ್ಣ ಹೊತ್ತೇ ಬರುತ್ತದೆ, ಅದೂ ಪೆಕ್ಟಿನ್ನನ್ನು ಬಿಗಿ ಮಾಡುತ್ತದೆ. ನೀರು ಕಾಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತದಲ್ಲ, ಅದೇ. ಪಾಪ, ಬೇಳೆಯದೇನೂ ತಪ್ಪಿಲ್ಲ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತೊಗರಿ ಬೇಳೆ ನಮ್ಮದು.

ಹೀಗೆ ಮಾಡ್ರಿ. ಒಂದು ಸಣ್ಣ ಬಟ್ಟಲು, ಅಂದರೆ ಸುಮಾರು 100 ಗ್ರಾಂ ಬೇಳೆಯನ್ನು ಅರ್ಧ ತಾಸು ನೆನೆಸಿ, ಕುಡಿಯುವ ನೀರಿನಲ್ಲೇ ಬೇಯಿಸ್ರಿ. ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ, ಮತ್ತೇನೂ ಬೇಡ. ಎರಡು ಬೆರಳಲ್ಲಿ ಹಿಚುಕಿದರೆ ಕರಗಬೇಕು. ಕರಗಿದ ಮೇಲೆ ನೆನೆಸಿಟ್ಟ ಜೋಳದ ನುಚ್ಚು ಎರಡು ಚಮಚ, ಒಂದು ಹಿಡಿ ಶೇಂಗಾ, ಏಳೆಂಟು ಹಸಿ ಮೆಣಸಿನಕಾಯಿ ಹಾಕಿ ನುಚ್ಚು ಅರಳುವ ತನಕ ಕುದಿಸ್ರಿ. ಪುಂಡಿಯನ್ನು ಬೇರೆ ಪಾತ್ರೆಯಲ್ಲಿ ಬಾಡಿಸಿಕೊಳ್ಳಿ. ಕೆಂಪು ದಂಟಿನದಾಗಿ ಹುಳಿ ಜಾಸ್ತಿ ಅನಿಸಿದರೆ ಮೊದಲ ನೀರು ಬಸಿದು ಚೆಲ್ಲಿ. ಆಮೇಲೆ ಎರಡನ್ನೂ ಕೂಡಿಸಿ, ಉಪ್ಪು ಹಾಕಿ, ಕಡಗೋಲಿನಿಂದ ಗಟ್ಟಿಯಾಗಿ ಕಡೆಯಿರಿ. ಮಿಕ್ಸಿ ಬೇಡ, ಗೋಂದಾಗುತ್ತದೆ. ಒಗ್ಗರಣೆಗೆ ಒಂದಿಡೀ ಬಳ್ಳೊಳ್ಳಿ ಗಡ್ಡೆ. ಕುಸುಬಿ ಎಣ್ಣೆ ಸಿಕ್ಕರೆ ಅದರಲ್ಲೇ.

ಖಾನಾವಳಿ ಶುರುವಾದ ಮೊದಲ ವಾರ ನಾನೂ ನಿಮ್ಮ ಹಾಗೆಯೇ ಎಲ್ಲ ಒಟ್ಟಿಗೆ ಸುರಿದಿದ್ದೆ. ನಲವತ್ತು ಊಟ. ಒಬ್ಬ ಮಾಸ್ತರು ತಾಟಿನ ಅಂಚಿಗೆ ಬೇಳೆಗಳನ್ನು ಒಂದೊಂದೇ ಸಾಲಾಗಿ ಜೋಡಿಸಿಟ್ಟು, ಏನೂ ಅನ್ನದೆ ಎದ್ದು ಹೋದರು. ಮರುದಿನದಿಂದ ಚಿಟಿಕೆ ಸೋಡಾ ಹಾಕಿದೆವು. ಬೇಳೆ ಬೆಂದಿತು, ಆದರೆ ರುಚಿ ಸಾಬೂನಿನ ಕಡೆ ವಾಲಿತು. ನಮ್ಮ ಓಣಿಯ ಮುದುಕಿಯೊಬ್ಬಳು ಒಲೆ ಹತ್ತಿರ ಬಂದು, “ಹುಳಿ ಬೀಗರಿದ್ದಂಗ, ಮನಿ ಸಾರಿಸಿದ ಮ್ಯಾಲ ಕರಿಬೇಕು” ಅಂದಳು. ಅತ್ತೆಗೆ ಈ ಮಾತು ಹೇಳ್ರಿ, ನನ್ನ ಹೆಸರು ಬೇಡ.

ಬೆಂಗಳೂರಿನ ಪಿಜಿಯಲ್ಲಿದ್ದೇನೆ. ಒಂದು ಇಂಡಕ್ಷನ್ ಒಲೆ, ಒಂದು ಬಾಣಲೆ. ಬದನಿಕಾಯಿ ಎಣ್ಣೆಗಾಯಿ ತಿನ್ನುವ ಆಸೆ. ಆಗುತ್ತದಾ?

ಆಗದೇ ಏನು. ಊರಿಂದ ಬರುವಾಗ ಒಂದು ಡಬ್ಬಿ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಡಬ್ಬಿ ಗುರೆಳ್ಳು ಹಿಂಡಿ ತಂದಿರುತ್ತೀಯಲ್ಲ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಎರಡನ್ನೂ ಮೂರು ಮೂರು ಚಮಚ ತಗೊಂಡು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಸ್ವಲ್ಪ ಬೆಲ್ಲ, ಉಪ್ಪು ಹಾಕಿ ಕಲಸು. ಹಿಂಡಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಎಚ್ಚರ. ಎಳೆಯ ಗುಂಡು ಬದನೆ ಎಂಟು, ತೊಟ್ಟು ಇಟ್ಟು ನಾಲ್ಕು ಸೀಳು ಮಾಡಿ ಉಪ್ಪು ನೀರಲ್ಲಿ ಹಾಕು, ಕಪ್ಪಾಗುವುದಿಲ್ಲ. ತುಂಬಿ, ನಾಲ್ಕು ಚಮಚ ಎಣ್ಣೆಯಲ್ಲಿ ಎಲ್ಲ ಮಗ್ಗುಲೂ ಹೊರಳಿಸಿ, ಮುಚ್ಚಳದ ಮೇಲೆ ನೀರು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಡು. ಆ ಮುಚ್ಚಳದ ಬಿಸಿನೀರೇ ಗ್ರೇವಿಗೆ. ಬದನೆಯ ತೊಟ್ಟು ಮೆತ್ತಗಾದ ಮೇಲೆ ಹುಣಸೆ ರಸ, ಮೊದಲಲ್ಲ. ಕಡಕ್ ರೊಟ್ಟಿ ಮುರಿದು ಹಚ್ಚಿಕೊಂಡು ತಿನ್ನು. ಚಪಾತಿ ಜೊತೆ ತಿಂದರೆ ನನಗೆ ಬರೆಯಬೇಡ.

ಮೆಂತ್ಯೆ ಪಲ್ಯ ಕಹಿ ಬರುತ್ತದೆ. (ಚಿತ್ತಾಪುರ)

ಮೆಂತ್ಯೆ ಅಂದಮೇಲೆ ಒಂದಿಷ್ಟು ಕಹಿ ಇರಬೇಕು. ಬಲಿತ ದಂಟು ತೆಗೆದುಬಿಡ್ರಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಸೊಪ್ಪು ಹಾಕಿ, ಮುಚ್ಚದೆ ಹುರಿಯಿರಿ. ನೆನೆಸಿದ ಹೆಸರು ಬೇಳೆ ಒಂದು ಹಿಡಿ ಸೇರಿಸಿದರೆ ಮಕ್ಕಳೂ ತಿನ್ನುತ್ತಾರೆ.

ಗೋಧಿ ಹುಗ್ಗಿಗೆ ಹಾಲು ಹಾಕಿದ ಕೂಡಲೇ ಒಡೆಯುತ್ತದೆ. ಹೊಸ ಹಾಲೇ ತಂದರೂ ಅದೇ ಹಾಡು. ಸುಲಭದ ದಾರಿ ಹೇಳಿ. (ಶಹಾಪುರ)

ಹಾಲಿನವನ ಮೇಲೆ ಹಾಯಬೇಡ್ರಿ. ಬೆಲ್ಲದಲ್ಲಿ ಹುಳಿಯ ಅಂಶವೂ ಇರುತ್ತದೆ, ಖನಿಜವೂ ಇರುತ್ತದೆ. ಕುದಿಯುವ ಬೆಲ್ಲದ ನೀರಿಗೆ ಹಾಲು ಬಿದ್ದರೆ ಒಡೆಯುವುದೇ ಹೆಚ್ಚು. ಗೋಧಿ ಕುಟ್ಟಿ ತೌಡು ತೆಗೆಯುವ ಕೆಲಸ ಈಗ ಯಾರಿಗೆ ಬೇಕು, ಅಂಗಡಿಯ ಗೋಧಿ ನುಚ್ಚು ತಗೊಳ್ರಿ. ಒಂದು ಬಟ್ಟಲು ನುಚ್ಚನ್ನು ಒಂದು ಚಮಚ ತುಪ್ಪದಲ್ಲಿ ಘಮ ಬರುವ ತನಕ ಹುರಿದು, ನಾಲ್ಕು ಬಟ್ಟಲು ನೀರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸ್ರಿ. ಬೆಲ್ಲ ಬಿದ್ದ ಮೇಲೆ ಗೋಧಿ ಮೆತ್ತಗಾಗುವುದು ನಿಂತೇ ಹೋಗುತ್ತದೆ. ಮೊದಲು ಗೋಧಿ, ಆಮೇಲೆ ಒಂದು ಬಟ್ಟಲು ಪುಡಿ ಬೆಲ್ಲ. ಬೆಲ್ಲ ಕರಗಿ ಎರಡು ಕುದಿ ಬಂದ ಮೇಲೆ ಒಲೆ ಆರಿಸಿ. ಗಸಗಸೆ, ಒಣಕೊಬ್ಬರಿ, ಯಾಲಕ್ಕಿ ಹಾಕಿ ಬಿಟ್ಟುಬಿಡ್ರಿ. ಹಾಲನ್ನು ಬೇರೆಯೇ ಕಾಸಿಟ್ಟು, ತಾಟಿಗೆ ಬಡಿಸಿದ ಮೇಲೆ ಮೇಲೊಂದು ಸೌಟು. ನಮ್ಮಲ್ಲಿ ಜಾತ್ರೆಯ ಪಂಕ್ತಿಯಲ್ಲೂ ಹಾಲು ತುಪ್ಪ ಬೇರೆಯೇ ಬರುತ್ತವೆ. ಅದು ಬರೀ ಮರ್ಯಾದೆಗಲ್ಲ ಅಂತ ನನಗೆ ತಿಳಿದದ್ದು ಎರಡು ಹಂಡೆ ಹುಗ್ಗಿ ಕೆಡಿಸಿದ ಮೇಲೆ.

ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರೂ ತಿನ್ನಬಹುದಲ್ಲವೆ?

ಇಲ್ಲ. ರಕ್ತದ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ವೈದ್ಯರನ್ನು ಕೇಳಿ, ನನ್ನನ್ನಲ್ಲ.

ದಿಢೀರ್ ನೆಂಟರು, ಮನೆಯಲ್ಲಿ ನಿನ್ನೆಯ ಚಪಾತಿ ಬಿಟ್ಟರೆ ಏನಿಲ್ಲ. ಸಿಹಿ ಏನು ಮಾಡಲಿ? (ಬೀದರ್)

ಮಾದ್ಲಿ. ನಾಲ್ಕು ಚಪಾತಿ ತವೆಯ ಮೇಲೆ ಗರಿಗರಿ ಮಾಡಿ, ತಣಿದ ಮೇಲೆ ಮಿಕ್ಸಿಯಲ್ಲಿ ತರಿ ಪುಡಿ. ಅರ್ಧ ಬಟ್ಟಲು ಬೆಲ್ಲ, ಎರಡು ಚಮಚ ಪುಟಾಣಿ (ಹುರಿಗಡಲೆ), ಕೊಬ್ಬರಿ ತುರಿ, ಯಾಲಕ್ಕಿ, ಬಿಸಿ ತುಪ್ಪ. ಹತ್ತು ನಿಮಿಷ. ಗುಡಿಯಲ್ಲಿ ಮಾದ್ಲಿ ಅಂದರೆ ದರ್ಗಾದಲ್ಲಿ ಮಲೀದಾ ಅನ್ನುತ್ತಾರೆ. ನಿನ್ನೆಯ ಚಪಾತಿ ಅಂತ ನೆಂಟರಿಗೆ ಹೇಳಬೇಕಿಲ್ಲ.

ಊರು ಆಳಂದ, ಈಗ ಪುಣೆಯಲ್ಲಿದ್ದೇವೆ. ಮಕ್ಕಳಿಗೆ ಎಳ್ಳಮವಾಸ್ಯೆಯ ಕಾಳು-ಸೊಪ್ಪಿನ ಭಜ್ಜಿ ತಿನ್ನಿಸಬೇಕು. ಜುಲೈ ತಿಂಗಳಲ್ಲಿ ಫ್ರಿಜ್ಜಿನ ಬಟಾಣಿ ಹಾಕಿ ಮಾಡಬಹುದೆ?

ಮಾಡಬಹುದು, ಆದರೆ ಅದಕ್ಕೆ ಭಜ್ಜಿ ಅನ್ನಬೇಡ್ರಿ. ಊರಿನಲ್ಲಿ ಅದು ಡಿಸೆಂಬರ್, ಜನವರಿಯ ಪದಾರ್ಥ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಬದನೆ, ಗಜ್ಜರಿ ಎಲ್ಲ ಒಂದೇ ಹೊತ್ತಿಗೆ ಹೊಲದಲ್ಲೋ ಸಂತೆಯಲ್ಲೋ ಸಿಗುವುದು ಆಗ ಮಾತ್ರ. ನಾನು ಸಣ್ಣವಳಿದ್ದಾಗ ಅಮವಾಸ್ಯೆಯ ಹಿಂದಿನ ರಾತ್ರಿಯೇ ಒಲೆ ಮೇಲೆ ಗಡಿಗೆ ಏರುತ್ತಿತ್ತು. ಬೆಳಗ್ಗೆ ಸಜ್ಜಿ ರೊಟ್ಟಿ, ಸಜ್ಜಿ ಕಡಬು ಬುಟ್ಟಿ ತುಂಬಿಕೊಂಡು ಗಾಡಿಯಲ್ಲಿ ಹೊಲಕ್ಕೆ. ಅಪ್ಪ ಮೊದಲು ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ ಬರುವ ತನಕ ನಮಗೆ ಬುಟ್ಟಿ ಬಿಚ್ಚಲು ಬಿಡುತ್ತಿರಲಿಲ್ಲ. ಗಾಡಿಯಲ್ಲಿ ಕುಲುಕಿ ಕುಲುಕಿ ಹೋದ ಭಜ್ಜಿಗೆ ಒಲೆ ಮುಂದೆ ಇಲ್ಲದ ರುಚಿ ಬಂದಿರುತ್ತಿತ್ತು.

ಫ್ರಿಜ್ಜಿನ ಬಟಾಣಿ ಬರೀ ಸಿಹಿ. ಅದರ ಬದಲು ಕಡಲೆ, ಒಣ ಅವರೆ ರಾತ್ರಿ ನೆನೆಸಿ ಬೇಯಿಸಿಕೊಳ್ರಿ. ತರಕಾರಿ, ಸೊಪ್ಪು, ಹಸಿ ಮೆಣಸಿನಕಾಯಿ ಬಳ್ಳೊಳ್ಳಿ ಜಜ್ಜಿದ್ದು ಸೇರಿ ಎಲ್ಲ ಹಣ್ಣಾದ ಮೇಲೆ ಹುಣಸೆ ರಸ. ಕೊನೆಗೆ ನಾಲ್ಕು ಚಮಚ ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವಿ, ಹಸಿ ವಾಸನೆ ಹೋಗುವ ತನಕ ಕುದಿಸ್ರಿ. ಮರುದಿನ ಇನ್ನೂ ಚೆನ್ನಾಗಿರುತ್ತದೆ, ಪುಣೆಯ ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ. ಪಾತ್ರೆ ಮಾತ್ರ ದೊಡ್ಡದೇ ತಗೊಳ್ರಿ. ನಾಲ್ಕು ಜನಕ್ಕೆ ಅಳತೆ ಹಿಡಿದು ಭಜ್ಜಿ ಮಾಡುವುದು ನನಗಿನ್ನೂ ಬಂದಿಲ್ಲ.