ಸಿಯೆರಾ ಲಿಯೋನ್‌ಗೆ ಈಗ ಪ್ರವಾಸ ಹೋಗಬಹುದಾ? ಏನೇನು ತಯಾರಿ ಬೇಕು?

ಡಿಸೆಂಬರ್‌ನಲ್ಲಿ ಹೆಂಡತಿ ಜೊತೆ ಹೋಗಬೇಕು ಅಂತಿದ್ದೀರಿ, ಮನೆಯವರು ಯುದ್ಧದ ನಾಡು ಅಂತ ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಹೋಗಿ ಬನ್ನಿ. ಪಶ್ಚಿಮ ಆಫ್ರಿಕಾದ ಈ ದೇಶದಲ್ಲಿ 1991ರಲ್ಲಿ ಶುರುವಾದ ಅಂತರ್ಯುದ್ಧ 2002ಕ್ಕೇ ಮುಗಿದಿದೆ. ಹಾಗಂತ ಎಲ್ಲವೂ ತಣ್ಣಗಿದೆ ಎಂದಲ್ಲ. 2023ರ ನವೆಂಬರ್‌ನಲ್ಲಿ ರಾಜಧಾನಿ ಫ್ರೀಟೌನ್‌ನ ಸೇನಾ ಬ್ಯಾರಕ್, ಜೈಲುಗಳ ಮೇಲೆ ದಾಳಿಯಾಗಿ ಕರ್ಫ್ಯೂ ಹಾಕಿದ್ದರು. ಹೊರಡುವ ಮುಂಚೆ ಸುದ್ದಿ ನೋಡಿ. ರಾಜಕೀಯ ಮೆರವಣಿಗೆ ಕಂಡರೆ ಆ ಕಡೆ ಹೋಗಬೇಡಿ.

ಮೊದಲ ಕೆಲಸ ಹಳದಿ ಜ್ವರದ ಲಸಿಕೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಅದೂ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ. ಆ ಸರ್ಟಿಫಿಕೇಟ್ ಅಲ್ಲಿ ಇಳಿಯುವಾಗಲೂ ಬೇಕು, ವಾಪಸ್ ಬರುವಾಗಲೂ ಬೇಕು. ಇಲ್ಲದಿದ್ದರೆ ನಮ್ಮ ಏರ್‌ಪೋರ್ಟ್‌ನಲ್ಲೇ ಕ್ವಾರಂಟೈನ್‌ಗೆ ಕಳಿಸುತ್ತಾರೆ. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಕೇಳಿ ಶುರು ಮಾಡಿ, ಮಧ್ಯೆ ಬಿಡಬೇಡಿ.

ಅಲ್ಲಿನ ಏರ್‌ಪೋರ್ಟ್ ಇರುವುದು ಲುಂಗಿ ಎಂಬ ಊರಿನಲ್ಲಿ, ಫ್ರೀಟೌನ್ ಇರುವುದು ಅಳಿವೆಯ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿ ಹೋದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೆಚ್ಚಿನವರು ವಾಟರ್ ಟ್ಯಾಕ್ಸಿಯಲ್ಲೇ ದಾಟುತ್ತಾರೆ. ಲೈಫ್ ಜಾಕೆಟ್ ಕೊಟ್ಟ ತಕ್ಷಣ ಹಾಕಿಕೊಳ್ಳಿ. ಪಾಸ್‌ಪೋರ್ಟ್, ದುಡ್ಡು ಪ್ಲಾಸ್ಟಿಕ್ ಕವರ್‌ನಲ್ಲಿರಲಿ, ನೀರು ಎರಚುತ್ತದೆ.

ದುಡ್ಡಿನ ವಿಷಯದಲ್ಲಿ ಎಟಿಎಂ ನೆಚ್ಚಿಕೊಳ್ಳಬೇಡಿ. ಹರಿಯದ, ಗೀಚದ ಡಾಲರ್ ನೋಟು ಒಯ್ಯಿರಿ. 2022ರಲ್ಲಿ ಅಲ್ಲಿನ ಲಿಯೋನ್ ನೋಟಿನಿಂದ ಮೂರು ಸೊನ್ನೆ ತೆಗೆದರು, ಆದರೆ ಜನ ಇನ್ನೂ ಹಳೆ ಲೆಕ್ಕದಲ್ಲಿ ಬೆಲೆ ಹೇಳುವುದುಂಟು. "ಹೊಸದಾ, ಹಳೆಯದಾ?" ಎಂದು ಮೊದಲೇ ಕೇಳಿ.

ಪೇಟೆಯೊಳಗೆ ಓಡಾಡಲು ಕೆಕೆ ಸಿಗುತ್ತದೆ, ನಮ್ಮದೇ ಆಟೋ. ಒಕಾಡಾ ಎಂಬ ಬಾಡಿಗೆ ಬೈಕ್ ಹತ್ತಬೇಡಿ ಎಂದೇ ಹೇಳುತ್ತೇನೆ. ಊರಿಂದ ಊರಿಗೆ ಹೋಗುವುದಿದ್ದರೆ ಕತ್ತಲಾಗುವ ಮುಂಚೆ ಸೇರಿಬಿಡಿ. ಲೈಟಿಲ್ಲದ ಲಾರಿ, ರಸ್ತೆ ಮೇಲೇ ನಡೆಯುವ ಜನ, ಗುಂಡಿ ಎಲ್ಲಾ ಇವೆ. ಊಟಕ್ಕೆ ಅನ್ನ ಧಾರಾಳ, ಆದರೆ ಗೆಣಸಿನ ಸೊಪ್ಪು, ಮರಗೆಣಸಿನ ಸೊಪ್ಪಿನ ಸಾರಿಗೂ ಒಣಮೀನು ಹಾಕಿರುತ್ತಾರೆ. ಸಸ್ಯಾಹಾರಿಗಳಾದರೆ ಅಡುಗೆಗೆ ಮುಂಚೆಯೇ ಹೇಳಬೇಕು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಯುದ್ಧದಲ್ಲಿ ಬಂಡುಕೋರರು ಸಾಮಾನ್ಯ ಜನರ ಕೈ ಕಡಿದರು. ಅಂಥವರು ಬೀದಿಯಲ್ಲಿ ಎದುರಾಗುತ್ತಾರೆ. ದಯವಿಟ್ಟು ಫೋಟೊ ತೆಗೆಯಬೇಡಿ, "ಹೇಗಾಯ್ತು?" ಅಂತ ಕೇಳಬೇಡಿ. ನಿಮ್ಮ ಡ್ರೈವರ್‌ಗೆ ನಲವತ್ತು ದಾಟಿದ್ದರೆ ಆ ವರ್ಷಗಳು ಅವರ ಬಾಲ್ಯ. ಮಕ್ಕಳ ಕೈಗೂ ಬಂದೂಕು ಕೊಟ್ಟ ಯುದ್ಧ ಅದು. ಅವರು ಏನು ಕಳೆದುಕೊಂಡರೋ, ಅವರಿಂದ ಏನು ಮಾಡಿಸಿದರೋ. ನಾನು ಕೆಲಸದ ಮೇಲೆ ಅಲ್ಲಿದ್ದಾಗ ಜೊತೆಯಲ್ಲಿದ್ದವರೊಬ್ಬರು ಒಂದು ಸಂಜೆ ತಾವಾಗಿಯೇ ಮಾತು ತೆಗೆದರು. ತಮ್ಮನ ಹೆಸರು ಹೇಳಿದರು, ಕಾಡಿನಲ್ಲಿ ಅಡಗಿದ್ದು ಹೇಳಿದರು, ಆಮೇಲೆ ಫುಟ್‌ಬಾಲ್ ವಿಷಯಕ್ಕೆ ಹೋದರು. ನಾನೂ ಫುಟ್‌ಬಾಲೇ ಮಾತಾಡಿದೆ. ಇತಿಹಾಸ ತಿಳಿಯಬೇಕಿದ್ದರೆ ಯುದ್ಧಾಪರಾಧಗಳ ವಿಚಾರಣೆಗೆಂದು ಫ್ರೀಟೌನ್‌ನಲ್ಲಿ ವಿಶೇಷ ನ್ಯಾಯಾಲಯ ನಡೆದ ಜಾಗದಲ್ಲೇ ಪೀಸ್ ಮ್ಯೂಸಿಯಂ ಇದೆ, ಅಲ್ಲಿಗೆ ಹೋಗಿ.

ಡಿಸೆಂಬರ್ ಒಳ್ಳೆ ಕಾಲ, ಮಳೆ ಇರುವುದಿಲ್ಲ. ರಿವರ್ ನಂಬರ್ ಟು ಬೀಚ್ ಬಿಡಬೇಡಿ, ಊರಿನವರೇ ಸೇರಿ ನಡೆಸುತ್ತಾರೆ.

ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಬೇಡಿ. ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಪಶ್ಚಿಮ ಆಫ್ರಿಕಾಕ್ಕೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.