ಎರಡು ವರ್ಷದ ಮಗಳ ಮೇಲಿನ ಮುಂಹಲ್ಲಿನಲ್ಲಿ ಬಿಳಿ ಗೆರೆ ಬಂದಿದೆ, ಇದು ಕ್ಯಾಲ್ಸಿಯಂ ಕೊರತೆಯೇ?

ನೀವು ಬರೆದಿರುವುದು ಇಷ್ಟು: ಮಗಳಿಗೆ ಎರಡು ವರ್ಷ ತುಂಬಿದೆ. ಮೇಲಿನ ನಾಲ್ಕು ಮುಂಹಲ್ಲುಗಳಲ್ಲಿ ಒಸಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಇದೆ, ಕೆಳಗಿನ ಹಲ್ಲುಗಳಿಗೆ ಏನೂ ಆಗಿಲ್ಲ. ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು ಕುಡಿಯುತ್ತಾ ಮಲಗುತ್ತಾಳೆ. ಮನೆಯ ಹಿರಿಯರು ಕ್ಯಾಲ್ಸಿಯಂ ಸಿರಪ್ ಕೊಡಿ ಅನ್ನುತ್ತಾರೆ. ಊರು ಪಾವಗಡದ ಕಡೆ, ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಆದ್ದರಿಂದ ಫ್ಲೋರೈಡ್ ಪೇಸ್ಟ್ ಎಂದರೆ ನಿಮಗೆ ಭಯ.

ಕ್ಯಾಲ್ಸಿಯಂ ಕೊರತೆ ಅಲ್ಲ. ಇದು ಹುಳುಕಿನ ಮೊದಲ ಹಂತ, ಮತ್ತು ಹಿಂದಕ್ಕೆ ತಿರುಗಿಸಬಹುದಾದ ಹಂತ. ಕೆಳಗಿನ ಹಲ್ಲು ಯಾಕೆ ಚೆನ್ನಾಗಿವೆ ಎನ್ನುವುದರಲ್ಲೇ ಕಾರಣ ಸಿಗುತ್ತದೆ, ಅಲ್ಲಿಂದಲೇ ಹೇಳುತ್ತೇನೆ.

ನಾಲಿಗೆಯ ಅಡಿಯ ಮತ್ತು ಕೆಳದವಡೆಯ ಜೊಲ್ಲುಗ್ರಂಥಿಗಳ ಬಾಯಿ ತೆರೆಯುವುದು ಸರಿಯಾಗಿ ಕೆಳಮುಂಹಲ್ಲುಗಳ ಹಿಂದೆ. ದೊಡ್ಡವರಿಗೆ ಹಲ್ಲುಗಾರೆ ಮೊದಲು ಕಟ್ಟುವುದೂ ಅಲ್ಲೇ, ಕಾರಣವೂ ಅದೇ. ಕೆನ್ನೆಯ ಗ್ರಂಥಿಯದು ಮೇಲಿನ ದವಡೆಹಲ್ಲಿನ ಎದುರು ತೆರೆಯುತ್ತದೆ. ಮೇಲ್ತುಟಿಯ ಒಳಗಿನ ಜಾಗಕ್ಕೆ ಈ ಎರಡರ ಪಾಲೂ ಸರಿಯಾಗಿ ಬರುವುದಿಲ್ಲ. ಜೊಲ್ಲಿನ ತೆಳುಪದರ ಅಲ್ಲಿ ಮಿನಿಟಿಗೆ ಸುಮಾರು 1 ಮಿ.ಮೀ. ಮಾತ್ರ ಸರಿಯುತ್ತದೆ. ಕೆಳಹಲ್ಲಿನ ನಾಲಿಗೆ ಬದಿಯಲ್ಲಿ ಅದರ ಹಲವು ಪಟ್ಟು ವೇಗ. ಜೊತೆಗೆ ಬಾಟಲಿ ಚೀಪುವಾಗ ನಾಲಿಗೆ ಮುಂದೆ ಚಾಚಿ ಕೆಳಹಲ್ಲನ್ನು ಮುಚ್ಚಿಕೊಳ್ಳುತ್ತದೆ, ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ಕ್ಯಾಲ್ಸಿಯಂ ಕೊರತೆಗೆ ಹೀಗೆ ಮೇಲಿನದು ಕೆಳಗಿನದು ಎಂದು ಆರಿಸಿ ಹಿಡಿಯಲು ಬರುವುದಿಲ್ಲ.

ಸಿರಪ್ಪಿನ ವಿಷಯ ಇಲ್ಲೇ ಮುಗಿಸೋಣ. ಮೇಲಿನ ಮುಂದಿನ ಹಾಲುಹಲ್ಲುಗಳ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಮಗು ಹೊಟ್ಟೆಯಲ್ಲಿರುವಾಗಲೇ ಶುರುವಾಗಿ, ಹುಟ್ಟಿದ ಎರಡು ಮೂರು ತಿಂಗಳೊಳಗೆ ಪೂರ್ತಿಯಾಗಿರುತ್ತದೆ. ಹಲ್ಲು ಹೊರಗೆ ಬರುವಷ್ಟರಲ್ಲಿ ಎನಾಮಲ್ ಕಟ್ಟಿದ ಕೋಶಗಳೇ ಇರುವುದಿಲ್ಲ. ಈಗ ನುಂಗಿಸಿದ ಕ್ಯಾಲ್ಸಿಯಂ ರಕ್ತದ ಮೂಲಕ ಆ ಗೆರೆಗೆ ಹೋಗಲು ದಾರಿಯೇ ಇಲ್ಲ. ಬೇರೆ ಕಾರಣಕ್ಕೆ ವೈದ್ಯರು ಬರೆದಿದ್ದರೆ ಕೊಡಿ, ಹಲ್ಲಿಗೆಂದು ಬೇಡ. ಸಿಹಿ ಸಿರಪ್ಪನ್ನು ಮಲಗುವ ಮುಂಚೆ ಕೊಟ್ಟರಂತೂ ಹಾಲಿನ ಸಕ್ಕರೆಯ ಜೊತೆ ಅದೂ ಸೇರುತ್ತದೆ.

ಎನಾಮಲ್ಲಿಗೆ ಹೊರಗಿನಿಂದ ಕ್ಯಾಲ್ಸಿಯಂ ಕೊಡುವುದು ಮುಖ್ಯವಾಗಿ ಜೊಲ್ಲು. ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ: ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಸೇರಿದ ಹರಳು. ಇದೇ ಕ್ಯಾಲ್ಸಿಯಂ, ಫಾಸ್ಫೇಟ್ ಜೊಲ್ಲಿನಲ್ಲೂ ತುಂಬಿರುತ್ತವೆ. ಸಕ್ಕರೆ ತುಂಬಿ ತುಳುಕುವ ಪಾಕದಲ್ಲಿ ಇನ್ನೊಂದು ಚಮಚ ಸಕ್ಕರೆ ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದಲ್ಲ, ಹಾಗೆ ಸಾಮಾನ್ಯ ಜೊಲ್ಲಿನಲ್ಲಿ ಹಲ್ಲು ಕರಗುವುದಿಲ್ಲ. ಆ ಖನಿಜವೆಲ್ಲ ಹಲ್ಲಿನ ಮೇಲೆ ಕಲ್ಲಾಗಿ ಕೂರದಂತೆ ಸ್ಟ್ಯಾಥರಿನ್ ಮುಂತಾದ ಪ್ರೋಟೀನುಗಳು ತಡೆಯುತ್ತವೆ.

ಲೆಕ್ಕ ತಪ್ಪುವುದು ಹುಳಿ ಏರಿದಾಗ. ಹಲ್ಲಿನ ಪಾಚಿಯಲ್ಲಿ (ಹಲ್ಲಿಗೆ ಅಂಟುವ ಮೆತ್ತನೆಯ ಪದರ, ಪ್ಲಾಕ್) ಇರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾ ಸಕ್ಕರೆಯಿಂದ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆಮ್ಲದ ಹೈಡ್ರೋಜನ್ ಅಯಾನು ಫಾಸ್ಫೇಟಿಗೆ ಅಂಟಿಕೊಂಡು ಅದರ ರೂಪ ಬದಲಿಸುತ್ತದೆ, ಹೈಡ್ರಾಕ್ಸಿಲನ್ನು ನೀರಾಗಿಸುತ್ತದೆ. ಹರಳು ಕಟ್ಟಲು ಬೇಕಾದ ತುಂಡುಗಳು ದ್ರವದಲ್ಲಿ ಕಡಿಮೆಯಾದ ಕೂಡಲೇ ಹರಳೇ ಕರಗಿ ಆ ಕೊರತೆ ತುಂಬುತ್ತದೆ. ಎನಾಮಲ್ಲಿಗೆ ಈ ಗಡಿ ಸುಮಾರು ಪಿಎಚ್ 5.5 (ಪಿಎಚ್ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಅದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ, ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಮೇಲೆಯೇ ಕರಗಲು ಶುರುವಾಗುತ್ತದೆ.

ಸಿಹಿ ಬಿದ್ದ ಐದು ಹತ್ತು ನಿಮಿಷದಲ್ಲಿ ಪಾಚಿಯ ಪಿಎಚ್ ಈ ಗಡಿಯ ಕೆಳಗಿಳಿಯುತ್ತದೆ. ಹಗಲಿನಲ್ಲಾದರೆ ಜೊಲ್ಲಿನ ಬೈಕಾರ್ಬನೇಟ್ ಅದನ್ನು 30ರಿಂದ 60 ನಿಮಿಷದಲ್ಲಿ ಮೇಲೆತ್ತುತ್ತದೆ. ಜಗಿಯುವಾಗ ಜೊಲ್ಲು ಹೆಚ್ಚುವುದಷ್ಟೇ ಅಲ್ಲ, ಅದರಲ್ಲಿ ಬೈಕಾರ್ಬನೇಟ್ ಕೂಡ ಹಲವು ಪಟ್ಟಾಗುತ್ತದೆ. ನಿದ್ದೆಯಲ್ಲಿ ಜೊಲ್ಲು ಹರಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮೊದಲೇ ಜೊಲ್ಲು ತಲುಪದ ಜಾಗ, ಜೊಲ್ಲೇ ಇಲ್ಲದ ಹೊತ್ತು, ಮೇಲೆ ಸಕ್ಕರೆ ಹಾಲು. ನಿಮ್ಮ ಮಗಳ ಹಲ್ಲಿನ ಗೆರೆ ಬಂದಿರುವುದು ಇಲ್ಲಿಂದ. ಸಕ್ಕರೆಯ ಬದಲು ಬೆಲ್ಲ, ಕಲ್ಲುಸಕ್ಕರೆ, ಜೇನು ಹಾಕಿದರೆ ಬ್ಯಾಕ್ಟೀರಿಯಾಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲದ ರಾಗಿ ಮಾಲ್ಟನ್ನು ಬಾಟಲಿಗೆ ತುಂಬಿದರೂ ಅಷ್ಟೇ.

ಗೆರೆ ಬಿಳಿಯಾಗಿ ಕಾಣುವುದಕ್ಕೂ ಕಾರಣವಿದೆ. ಆಮ್ಲ ಒಳಗೆ ಇಳಿದು ಅಲ್ಲಿನ ಖನಿಜ ಕರಗಿಸುತ್ತದೆ, ಹೊರಬರುವ ಖನಿಜದ ಒಂದಷ್ಟು ಮೇಲ್ಪದರದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗಾಗಿ ಮೇಲೆ ತೆಳುವಾದ ಗಟ್ಟಿ ಪದರ, ಒಳಗೆ ಸೂಕ್ಷ್ಮ ರಂಧ್ರಗಳು. ರಂಧ್ರದಲ್ಲಿ ನೀರಿದ್ದರೆ ಬೆಳಕು ಅಷ್ಟು ಚದುರುವುದಿಲ್ಲ, ಗಾಳಿ ಇದ್ದರೆ ಹೆಚ್ಚು ಚದುರಿ ಬಿಳಿ ಕಾಣುತ್ತದೆ. ನೀವೇ ನೋಡಬಹುದು: ಮಗುವಿನ ತಲೆ ನಿಮ್ಮ ತೊಡೆಯ ಮೇಲಿಟ್ಟು ಮೇಲ್ತುಟಿ ಎತ್ತಿ, ಮೊದಲು ಒದ್ದೆ ಹಲ್ಲು ನೋಡಿ, ಆಮೇಲೆ ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ಒಣಗಿದಾಗ ಮಾತ್ರ ಕಂಡರೆ ಹಾನಿ ಮೇಲ್ಮಟ್ಟದ್ದು, ಒದ್ದೆಯಿದ್ದಾಗಲೂ ಕಂಡರೆ ಇನ್ನೂ ಆಳಕ್ಕೆ ಹೋಗಿದೆ. ಪಿನ್ನು, ಕಡ್ಡಿ, ಉಗುರಿನಿಂದ ಕೆರೆಯಬೇಡಿ. ಆ ಮೇಲ್ಪದರ ಮುರಿದರೆ ತೂತೇ ಆಗುತ್ತದೆ, ತೂತಾದ ಮೇಲೆ ಜೊಲ್ಲು ಅದನ್ನು ತುಂಬಲಾರದು. ನಿಂಬೆರಸ, ಇದ್ದಿಲು ಹಾಕಿ ಬೆಳ್ಳಗೆ ಮಾಡುವ ಪ್ರಯತ್ನವೂ ಬೇಡ.

ಈಗ ಮಾಡಬೇಕಾದ್ದು. ಬಾಟಲಿಯನ್ನು ಒಂದೇ ದಿನ ಕಿತ್ತುಕೊಂಡರೆ ಸಾಮಾನ್ಯವಾಗಿ ಮೂರನೇ ರಾತ್ರಿ ಅಳು ತಾಳಲಾರದೆ ಮನೆಯವರೇ ಸೋತು ವಾಪಸ್ ಕೊಡುತ್ತಾರೆ. ಮೊದಲ ವಾರ ಸಕ್ಕರೆಯನ್ನು ಎರಡು ದಿನಕ್ಕೊಮ್ಮೆ ಅರ್ಧ ಮಾಡಿ, ಎರಡನೇ ವಾರ ಹಾಲಿಗೆ ನೀರು ಹೆಚ್ಚಿಸುತ್ತಾ ಬನ್ನಿ, ಕೊನೆಗೆ ಬಾಟಲಿಯಲ್ಲಿ ಬರೀ ನೀರು. ಹೊಟ್ಟೆಗೆ ಬೇಕಾದ ಹಾಲನ್ನು ಮಲಗುವ ಮುಂಚೆ ಲೋಟದಲ್ಲಿ ಕುಡಿಸಿ, ಆಮೇಲೆ ಹಲ್ಲುಜ್ಜಿ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಬಹಳ ಮನೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿರುತ್ತದೆ. ಹಗಲಿನಲ್ಲೂ ಎಷ್ಟು ಸಿಹಿ ಅನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಮುಖ್ಯ: ಒಂದು ಬಿಸ್ಕತ್ತನ್ನು ಒಂದು ಗಂಟೆ ಹಿಡಿದು ಚೀಪುವುದು ಮೂರನ್ನು ಊಟದ ಜೊತೆ ತಿನ್ನುವುದಕ್ಕಿಂತ ಕೆಟ್ಟದ್ದು.

ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಎಂದಿರಲಿ. ಮಕ್ಕಳದ್ದು ಎಂದು ಮಾರುವ ಕೆಲವು ಪೇಸ್ಟುಗಳಲ್ಲಿ ಇದರ ಅರ್ಧ ಇರುತ್ತದೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ದಿನಕ್ಕೆ ಎರಡು ಸಲ, ದೊಡ್ಡವರೇ ಉಜ್ಜಬೇಕು. ಒಸಡಿನ ಅಂಚಿನ ಆ ಗೆರೆಯ ಮೇಲೆ ಬ್ರಷ್ ಹೋಗಲೇಬೇಕು, ಮೇಲ್ತುಟಿ ಎತ್ತದೆ ಅದು ಹೋಗುವುದಿಲ್ಲ. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ, ಬಾಯಿ ಮುಕ್ಕಳಿಸಬೇಡಿ. ಫ್ಲೋರೈಡ್ ಜೊಲ್ಲಿನಲ್ಲಿ ಉಳಿದಷ್ಟು ಹೊತ್ತೂ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ಮರಳಿ ಸೇರಿಸುತ್ತದೆ. ಹಾಗೆ ಕಟ್ಟಿದ ಖನಿಜ ಪಿಎಚ್ 4.5ರ ಆಸುಪಾಸಿನವರೆಗೂ ತಡೆಯಬಲ್ಲದು.

ನಿಮ್ಮ ಭಯಕ್ಕೆ ಆಧಾರವಿಲ್ಲ ಎನ್ನುವುದಿಲ್ಲ, ಆದರೆ ಅದು ತಪ್ಪು ಕಡೆ ತಿರುಗಿದೆ. 1000 ಪಿಪಿಎಂ ಪೇಸ್ಟಿನ ಒಂದು ಗ್ರಾಮಿನಲ್ಲಿ 1 ಮಿ.ಗ್ರಾಂ ಫ್ಲೋರೈಡ್ ಇರುತ್ತದೆ. ಅಕ್ಕಿಕಾಳಿನಷ್ಟು ಅಂದರೆ ಸುಮಾರು 0.1 ಗ್ರಾಂ. ಎರಡು ಹೊತ್ತಿನದನ್ನೂ ಪೂರ್ತಿ ನುಂಗಿದರೂ 0.2 ಮಿ.ಗ್ರಾಂ. ಲೀಟರಿಗೆ 2 ಮಿ.ಗ್ರಾಂ ಇರುವ ಕೊಳವೆಬಾವಿ ನೀರು ಅರ್ಧ ಲೀಟರ್ ಕುಡಿದರೆ 1 ಮಿ.ಗ್ರಾಂ, ಅಂದರೆ ಐದು ಪಟ್ಟು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಮೊದಲು ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಸ್ವಲ್ಪ ಗಟ್ಟಿಯೇ ಆಗುತ್ತದೆ. ಶುದ್ಧ ನೀರಿನ ಘಟಕದ ಆರ್‌ಓ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ, ಗಂಜಿಗೂ ಬಳಸಿ. ಪೇಸ್ಟ್ ಬಿಡಿಸಿ ನೀರನ್ನು ಹಾಗೆಯೇ ಬಿಟ್ಟರೆ ಹುಳುಕೂ ಉಳಿಯುತ್ತದೆ, ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲಿನಲ್ಲಿ ಬರುವ ಕಲೆ) ಕೂಡ ಬರಬಹುದು. ಅಂದಹಾಗೆ ಫ್ಲೋರೋಸಿಸ್ಸಿನ ಬಿಳುಪು ಹಲ್ಲಿನ ಮೈಮೇಲೆ ಹರಡಿ, ಎಡಬಲ ಒಂದೇ ತರಹ ಇರುತ್ತದೆ. ನಿಮ್ಮದರಂತೆ ಒಸಡಿನ ಅಂಚು ಹಿಡಿದು ಕೂರುವುದಿಲ್ಲ.

ದಂತವೈದ್ಯರ ಬಳಿ ಈ ತಿಂಗಳೇ ಹೋಗಿ, ಹಾಲುಹಲ್ಲಿನ ಎನಾಮಲ್ ತೆಳು, ಕಾಯಲು ಹೆಚ್ಚು ಸಮಯ ಕೊಡುವುದಿಲ್ಲ. 5% ಸೋಡಿಯಂ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ, ಒಂದೆರಡು ನಿಮಿಷದ ಕೆಲಸ, ಮೂರರಿಂದ ಆರು ತಿಂಗಳಿಗೊಮ್ಮೆ. ಮಗು ಬಾಯಿಯಿಂದ ಉಸಿರಾಡುತ್ತಾ ಮಲಗಿದರೆ, ಆಸ್ತಮಾಗೆ ಇನ್‌ಹೇಲರ್ ಅಥವಾ ನೆಗಡಿಗೆ ನಿದ್ದೆ ಬರಿಸುವ ಸಿರಪ್ ಪದೇಪದೇ ಬಳಸುತ್ತಿದ್ದರೆ ಅದನ್ನೂ ಹೇಳಿ, ಇವೆಲ್ಲ ಬಾಯಿ ಒಣಗಿಸುತ್ತವೆ.

ಸುಧಾರಿಸುತ್ತಿದೆಯೇ ಎಂದು ನೋಡಲು ಬಣ್ಣಕ್ಕಿಂತ ಹೊಳಪು ನೋಡಿ. ಮಂಕಾಗಿ ಸೀಮೆಸುಣ್ಣದಂತೆ ಇದ್ದ ಗೆರೆ ಕೆಲವು ತಿಂಗಳಲ್ಲಿ ನುಣುಪಾಗಿ ಹೊಳೆದರೆ ಹುಳುಕು ನಿಂತಿದೆ ಎಂದರ್ಥ, ಬಿಳಿ ಛಾಯೆ ಸ್ವಲ್ಪ ಉಳಿದರೂ ಚಿಂತೆ ಇಲ್ಲ. ಕಂದು ಬಣ್ಣ ಬಂದು ಮೆತ್ತಗಾಗಿದ್ದರೆ ದಂತವೈದ್ಯರು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಬಹುದು. ಅದು ಕೊರೆಯದೆ ಹುಳುಕನ್ನು ನಿಲ್ಲಿಸುತ್ತದೆ, ಆದರೆ ಆ ಜಾಗ ಕಾಯಂ ಕಪ್ಪಾಗುತ್ತದೆ. ಮುಂಹಲ್ಲು ಬೇರೆ, ಹಚ್ಚಿಸುವ ಮುಂಚೆ ಮನೆಯವರೆಲ್ಲ ಇದನ್ನು ತಿಳಿದಿರಲಿ.